ಅಣ್ಣಾ, ಉರಿ ಇಳಸು

ಶಿವಲೀಲಾ ಕಾಫಿ ಹುರಿಯುವ ಡ್ರಮ್ಮನ್ನು ಮನೆಗೆ ತಂದ ದಿನ ಅವಳ ಅತ್ತೆ ಮಾಳಮ್ಮ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು. ಆದರೆ ಸಂಜೆ ಹಿತ್ತಲ ಕಡೆಯ ಕಿಟಕಿ ಮುಚ್ಚಿ, ಚಿಲಕ ಹಾಕಿ, ಅದಕ್ಕೆ ಅಡ್ಡವಾಗಿ ಜೋಳದ ಚೀಲವನ್ನು ಒಬ್ಬಳೇ ಎಳೆದು ತಂದು ನಿಲ್ಲಿಸಿದಳು. ಹಿತ್ತಲ ತಗಡಿನ ಶೆಡ್ಡಿನಲ್ಲಿ ಡ್ರಮ್ಮು ಇತ್ತು. ಅದು ಕಣ್ಣಿಗೆ ಬೀಳಬಾರದೆಂದು ಅತ್ತೆ ಹೀಗೆ ಮಾಡಿದ್ದು ಶಿವಲೀಲಾಳಿಗೆ ಆಗ ಹೊಳೆಯಲಿಲ್ಲ.

ಕೊಟ್ಟೂರಿನಲ್ಲಿ ಹಾಲು ಹಾಕುವವರಿಗೆ, ಮಿರ್ಚಿ ಕರಿಯುವವರಿಗೆ ಕಮ್ಮಿಯಿಲ್ಲ. ಆದರೆ ಕಣ್ಣೆದುರಿಗೆ ಹುರಿದು ಪುಡಿ ಮಾಡಿ ಕೊಡುವ ಕಾಫಿ ಅಂಗಡಿ ಒಂದೂ ಇರಲಿಲ್ಲ. ಆ ಲೆಕ್ಕದ ಮೇಲೆಯೇ ಶಿವಲೀಲಾ ಮಹಿಳಾ ಸಂಘದಲ್ಲಿ ತರಬೇತಿ ಪಡೆದು, ಗ್ಯಾಸಿನ ಒಲೆಯ ಮೇಲೆ ಕೂರುವ, ಕೈಯಿಂದ ತಿರುಗಿಸುವ ಸಣ್ಣ ಡ್ರಮ್ಮನ್ನು ತರಿಸಿದ್ದಳು. ಗಂಡ ಕ್ರಾಂತಿಕುಮಾರ್ ಕೂಡ್ಲಿಗಿಯ ಕಾಲೇಜಿನಲ್ಲಿ ಲ್ಯಾಬ್ ಸಹಾಯಕ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುವವನು. ಅವಳಿಗಿದ್ದ ದೊಡ್ಡ ಧೈರ್ಯವೆಂದರೆ ಮಾವ ರಾಮಣ್ಣ. ಆತ ಹರಪನಹಳ್ಳಿಯ ಕಾಫಿಪುಡಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಬೀಜ ಹುರಿದವನು. ಈಗ ಎರಡು ವರ್ಷದಿಂದ ಮರೆವು. ಉಂಡಿದ್ದು ನೆನಪಿರುವುದಿಲ್ಲ, ಮಗನನ್ನು ಕೆಲವೊಮ್ಮೆ ‘ಯಾರಪ್ಪ ನೀನು’ ಎನ್ನುತ್ತಾನೆ. ಆದರೂ ಶೆಡ್ಡಿನ ಬಾಗಿಲಲ್ಲಿ ಮಂಚ ಹಾಕಿ ಕೂರಿಸಿದರೆ ಏನಾದರೂ ಹೇಳಿಯಾನು ಎಂದು ಅವಳ ಆಸೆ.

ಮೊದಲ ದಿನ ರಜೆ ಹಾಕಿ ಜೊತೆಗೆ ನಿಂತ ಕ್ರಾಂತಿ ಡ್ರಮ್ಮಿನ ಜೊತೆ ಬಂದಿದ್ದ ಹಾಳೆ ಓದಿ ಹೇಳಿದ:

“ಎರಡು ಕಿಲೋ ಹಿಡಿತೈತಿ ಅಂತ ಬರದಾರ. ಪೂರ್ತಿ ಹಾಕು.”

ಹಾಕಿದಳು. ಇಪ್ಪತ್ತೈದು ನಿಮಿಷ ತಿರುಗಿಸಿ ತೆಗೆದರೆ ಬೀಜ ಮೇಲೆ ಕಂದು, ಒಡೆದು ನೋಡಿದರೆ ಒಳಗೆ ಹಸಿ. ಪುಡಿ ಮಾಡಿ ಕುಡಿದರೆ ಹಸಿ ಕಡಲೆ ಅಗಿದ ಹಾಗೆ. ಹೆದರಿಕೊಂಡು ಮಾರನೇ ದಿನ ಅರ್ಧ ಕಿಲೋ ಹಾಕಿದಳು. ಅಷ್ಟೇ ಉರಿಗೆ ಅಷ್ಟು ಕಮ್ಮಿ ಬೀಜ ಕಾದ ತಗಡಿಗೆ ಬಡಿದು, ಮೈಯೆಲ್ಲ ಸುಟ್ಟ ಚುಕ್ಕೆ.

ಮೂರನೇ ದಿನ ಕ್ರಾಂತಿ ಕೆಲಸಕ್ಕೆ ಹೋಗಿದ್ದ. ಅವಳು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ರಾಮಣ್ಣ ಮಂಚದಿಂದ ಎದ್ದು ಬಂದ. ಸುಟ್ಟ ಬೀಜವೊಂದನ್ನು ಬಾಯಿಗೆ ಹಾಕಿ ಕಡಿದು ಉಗುಳಿದ.

“ಕಡಿಮಿ ಹಾಕಿದ್ರ ಮೈ ಸುಡತೈತಿ. ಹೆಚ್ಚು ಹಾಕಿದ್ರ ಹೊಟ್ಯಾಗ ಹಸಿ ಉಳಿತೈತಿ. ಇದಕ್ಕ ಒಂದೂವರಿ ಹಾಕು. ಕಾಲು ಭಾಗ ಖಾಲಿ ಇರಬೇಕು, ಬೀಜ ಹೊಳ್ಳ್ಯಾಡಾಕ ಜಾಗ ಬೇಕಲ್ಲ.”

“ಉರಿ ಎಷ್ಟ್ ಇಡ್ಲಿ ಮಾವಾ?”

“ಮೊದ್ಲು ಡ್ರಮ್ ಕಾಯಲಿ. ಬೀಜ ಹಾಕಿದ ಮ್ಯಾಲೆ ಉರಿ ಜೋರು ಇರಲಿ. ಗೋದಿ ಬಣ್ಣಕ್ಕ ತಿರುಗಿ, ರೊಟ್ಟಿ ವಾಸ್ನಿ ಬಂತಂದ್ರ ಇಳಸಾಕ ಚಾಲು ಮಾಡು. ಎರಡ್ನೇ ಸಲ ಹಾಕೋವಾಗ ಡ್ರಮ್ ಕಾದೇ ಇರತೈತಿ, ಆವಾಗ ಮೊದ್ಲಿನಷ್ಟು ಉರಿ ಬ್ಯಾಡ.”

ಉಂಡದ್ದನ್ನು ಮರೆಯುವ ಮನುಷ್ಯ ಹೀಗೆ ಒಂದರ ಹಿಂದೆ ಒಂದು ಹೇಳಿದ್ದು ಕೇಳಿ ಶಿವಲೀಲಾಳಿಗೆ ಅಳುವೇ ಬಂತು. ಒಂದೂವರೆ ಕಿಲೋ ತೂಗಿ ಹಾಕಿದಳು. ರಾಮಣ್ಣ ಹೋಗಿ ಮಂಚದ ಮೇಲೆ ಕೂತ. ಹಿಡಿಕೆ ತಿರುಗಿತು, ಬೀಜ ಹಳದಿಯಾಯಿತು, ರೊಟ್ಟಿ ಸುಡುವ ವಾಸನೆ ಬಂತು. ಆಗ ಹಿಂದಿನಿಂದ ದನಿ ಕೇಳಿತು.

“ಅಣ್ಣಾ, ಉರಿ ಇಳಸು.”

ಮಾವನ ದನಿ ದಪ್ಪ, ಬೀಡಿ ಸೇದಿ ಒಡೆದದ್ದು. ಇದು ತೆಳ್ಳಗಿತ್ತು, ಹುಡುಗನ ದನಿ. ತಿರುಗಿ ನೋಡಿದರೆ ಮಂಚದ ಮೇಲೆ ರಾಮಣ್ಣನೇ, ತುಟಿ ಇನ್ನೂ ಅಲುಗುತ್ತಿತ್ತು. ಅವಳು ಒಲೆಯ ಕಿವಿ ತಿರುಗಿಸಲು ಕೈ ಚಾಚಿದಳು. ಮುಟ್ಟುವ ಮೊದಲೇ ನೀಲಿ ಉರಿ ಮೆಲ್ಲಗೆ ಕುಗ್ಗಿ, ಬೆರಳ ಗಂಟಿನಷ್ಟಾಗಿ ನಿಂತಿತು.

ಅಡಿಗೆ ಮನೆಯ ಬಾಗಿಲಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮಾಳಮ್ಮ ಸಾರಿನ ಬೋಗುಣಿ ಕೆಳಗೆ ಬಿಟ್ಟು ನಿಂತಿದ್ದಳು. ಕಾಲ ಮೇಲೆ ಬಿಸಿ ಸಾರು ಹರಿದರೂ ಆಕೆಗೆ ಖಬರಿರಲಿಲ್ಲ.

ಆ ದಿನದ ಕಾಫಿ ಓಣಿಯವರೆಲ್ಲ ತಲೆದೂಗುವ ಹಾಗೆ ಬಂತು.

ಹದಿನೈದು ದಿನದಲ್ಲಿ ಎರಡು ಹೋಟೆಲಿನವರು ವಾರಕ್ಕೆ ಇಷ್ಟು ಎಂದು ಗೊತ್ತು ಮಾಡಿಕೊಂಡರು. ಉಜ್ಜಿನಿಗೆ ಹೋಗಿ ಬರುವವರು ಕಾರು ನಿಲ್ಲಿಸಿ ವಾಸನೆ ಹಿಡಿದುಕೊಂಡು ಓಣಿಯೊಳಗೆ ಬಂದರು. ಶಿವಲೀಲಾ ಬೆಳಿಗ್ಗೆ ರೊಟ್ಟಿ ಬಡಿದು, ಗಂಡನಿಗೆ ಬುತ್ತಿ ಕಟ್ಟಿ, ಹತ್ತು ಗಂಟೆಗೆ ಶೆಡ್ಡಿಗೆ ಹೋದರೆ ಮಧ್ಯಾಹ್ನದೊಳಗೆ ನಾಲ್ಕು ಸಲ ಹುರಿಯುತ್ತಿದ್ದಳು. ನಾಲ್ಕು ಸಲವೂ ಅದೇ ದನಿ, ಅದೇ ಮಾತು. ನಾಲ್ಕು ಸಲವೂ ಉರಿ ತಾನಾಗಿ ಇಳಿಯುತ್ತಿತ್ತು.

ಒಮ್ಮೆ ಅವಳು ಒಲೆಯ ಕಿವಿಗೆ ಸುಣ್ಣದ ಗೆರೆ ಎಳೆದು ನೋಡಿದಳು. ಗೆರೆ ಕದಲಲಿಲ್ಲ, ಉರಿ ಇಳಿಯಿತು. ಗಂಡನಿಗೆ ಹೇಳಿದಳು.

“ಗ್ಯಾಸ್ ಪ್ರೆಷರ್ ಲೀಲಾ,” ಎಂದ ಕ್ರಾಂತಿ. ರೆಗ್ಯುಲೇಟರ್ ಬದಲಿಸಿದ, ಪೈಪ್ ಬದಲಿಸಿದ. ಒಲೆ ರಿಪೇರಿ ಮಾಡುವವನು ಬಂದು ಬಿಚ್ಚಿ ಜೋಡಿಸಿ ‘ಎಲ್ಲಾ ಸರಿ ಐತ್ರಿ’ ಎಂದು ಹೋದ.

“ಮಾವ ಹೇಳಿದ ಕೂಡ್ಲೇ ಇಳಿತೈತಲ್ರಿ?”

“ಇಳಿಯೋ ಹೊತ್ತಿಗೆ ಅಪ್ಪ ಹೇಳ್ತಾನ. ಮೂವತ್ತು ವರ್ಷದ ರೂಢಿ. ದೆವ್ವ ಗಿವ್ವ ಅಂತ ಈ ಮನ್ಯಾಗ ಮಾತು ಬರಬಾರದು ನೋಡು. ಗ್ವಾಡಿ ಮ್ಯಾಲೆ ಬಾಬಾಸಾಹೇಬ್ರನ್ನ ಯಾಕ ಹಾಕೀವಿ?”

ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ಅವಳು ಉರಿಯ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಇಳಿಸುವವರು ಇಳಿಸುತ್ತಾರೆ ಎಂದು ಹಿಡಿಕೆ ತಿರುಗಿಸುತ್ತ ಕೂರುವುದು ರೂಢಿಯಾಗಿತ್ತು. ಹೆದರಿಕೆಯೂ ಇತ್ತು, ಆದರೆ ಕಾಫಿ ಚೆನ್ನಾಗಿ ಬರುತ್ತಿತ್ತು.

ಒಂದು ಸಂಜೆ ನಾಲ್ವರೂ ಊಟಕ್ಕೆ ಕೂತಿದ್ದಾಗ ರಾಮಣ್ಣ ತನ್ನ ತಾಟಿನ ಪಕ್ಕದ ನೆಲವನ್ನು ಕೈಯಿಂದ ಒರೆಸಿದ.

“ಇಲ್ಲೊಂದು ತಾಟು ಇಡ್ರಿ. ಹಸದು ಬಂದಾನ.”

“ಯಾರಪ್ಪಾ?” ಎಂದ ಕ್ರಾಂತಿ.

ರಾಮಣ್ಣ ಆ ಜಾಗವನ್ನು ಇನ್ನೊಮ್ಮೆ ಒರೆಸಿದ. ಮಾಳಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಎಸೆದಳು.

“ಆ ಡ್ರಮ್ ನಾಳಿಗೆ ಮನಿ ಬಿಟ್ಟು ಹೋಗಬೇಕು.”

“ಯಾಕವ್ವಾ? ಈಗಿನ್ನ ಕೈ ಹಿಡದೈತಿ ಕೆಲ್ಸ.”

“ಯಾಕಂತ ಕೇಳಬ್ಯಾಡ. ಈ ಮನ್ಯಾಗ ನಂದೂ ಒಂದು ಮಾತು ನಡೀಲಿ.”

“ಅತ್ತಿ, ನೀವು ಕಾರಣ ಹೇಳ್ರಿ, ನಾ ತಗದು ಹಾಕ್ತೀನಿ,” ಎಂದಳು ಶಿವಲೀಲಾ. “ಹೊಗಿ ಆಗತೈತಾ? ವಾಸ್ನಿ ಆಗಂಗಿಲ್ಲಾ?”

“ಸೊಸಿಯಾಗಿ ಬಂದಾಕಿ ನೀನು. ನಿನಗೇನ್ ಹೇಳ್ಲಿ?” ಎಂದು ಎದ್ದು ಹೋದಳು. ಆ ಮಾತು ಶಿವಲೀಲಾಳಿಗೆ ಚುಚ್ಚಿತು. ನಾಲ್ಕು ದಿನ ಅತ್ತೆ ಸೊಸೆಗೆ ಮಾತಿಲ್ಲ. ಒಬ್ಬಳು ಪಾತ್ರೆ ತೊಳೆದರೆ ಒಬ್ಬಳು ನೀರು ತರುತ್ತಿದ್ದಳು, ಅಷ್ಟೇ.

ಐದನೇ ದಿನ ಮಟಮಟ ಮಧ್ಯಾಹ್ನ ಅವಳು ಹೋಟೆಲಿಗೆ ಪುಡಿ ಕೊಟ್ಟು ಹಿತ್ತಲ ಬಾಗಿಲಿಂದ ಬಂದಳು. ಮಾಳಮ್ಮ ಶೆಡ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಎದುರಿಗೆ ತಾಟು, ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ.

“ಉಂಡು ಹೋಗಪ್ಪಾ,” ಎನ್ನುತ್ತಿದ್ದಳು ಖಾಲಿ ಶೆಡ್ಡಿಗೆ. “ನಮ್ಮ ಹುಡುಗ್ರು ಏನೂ ಅರೀದೋರು. ಉಂಡು ಹೋಗಿಬಿಡು.”

ಶಿವಲೀಲಾ ಸದ್ದಾಗದಂತೆ ಹಿಂದೆ ಸರಿದಳು. ಸಂಜೆ ನೋಡಿದಾಗ ತಾಟು ಹಾಗೇ ಇತ್ತು. ಅವರ ಹಿತ್ತಲಲ್ಲಿ ಒಂದು ಅಗುಳು ಬಿದ್ದರೆ ಇರುವೆ ಸಾಲು ಹಿಡಿಯುತ್ತದೆ, ಕೋಳಿ ಬರುತ್ತದೆ. ಆ ತಾಟಿನ ಹತ್ತಿರ ಒಂದು ಇರುವೆಯೂ ಸುಳಿದಿರಲಿಲ್ಲ.

ಅದರ ಮುಂದಿನ ವಾರ ಉಜ್ಜಿನಿಯ ಮದುವೆ ಮನೆಯಿಂದ ಇಪ್ಪತ್ತು ಕಿಲೋ ಪುಡಿ ಬೇಕೆಂದು ಫೋನ್ ಬಂತು. ಎರಡು ದಿನದ ಅವಧಿ. ಹುರಿದಾಗ ಬೀಜ ತೂಕ ಕಳೆದುಕೊಳ್ಳುತ್ತದೆ. ಇಪ್ಪತ್ತು ಬರಬೇಕಾದರೆ ಇಪ್ಪತ್ತನಾಲ್ಕರ ಹತ್ತಿರ ಹುರಿಯಬೇಕು. ಒಂದೂವರೆಯಂತೆ ಹದಿನಾರು ಸಲ. ಶನಿವಾರ ಆರು ಸಲ ಮುಗಿಸುವಷ್ಟರಲ್ಲಿ ಅವಳ ತೋಳು ಮೇಲೆ ಏಳದಂತಾಯಿತು. ಭಾನುವಾರ ಕ್ರಾಂತಿ ಹಿಡಿಕೆಗೆ ಬಂದ.

“ಎರಡೂವರಿ ಹಾಕಾನ. ಆರು ಸಲಕ್ಕ ಮುಗೀತೈತಿ.”

“ಬ್ಯಾಡ್ರಿ. ಮಾವ ಏನ್ ಹೇಳ್ಯಾರ? ಹೊಳ್ಳ್ಯಾಡಾಕ ಜಾಗ ಬೇಕು.”

“ಉರಿ ಜಾಸ್ತಿ ಮಾಡಿದ್ರ ಆತು. ನೀ ಹೋಗಿ ನಿನ್ನೇದನ್ನ ಪಾಕೀಟು ಮಾಡು.”

ಅವಳು ಒಳಗೆ ಹೋದಳು. ಆ ದಿನ ರಾಮಣ್ಣ ಮಂಚದ ಮೇಲೆ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಅದು ಅವಳಿಗೆ ಸರಿಕಾಣಲಿಲ್ಲ. ಪಾಕೀಟು ಕಟ್ಟುತ್ತಿದ್ದರೂ ಕಿವಿ ಶೆಡ್ಡಿನಲ್ಲೇ ಇತ್ತು. ಆ ತೆಳ್ಳನೆಯ ದನಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಬೀಜ ಚಟಪಟ ಒಡೆಯುವ ಸದ್ದು ಬಂತು. ಕಡಲೆಕಾಯಿ ಒಡೆದ ಹಾಗಿರಬೇಕಾದದ್ದು ಪಟಾಕಿ ಸರದ ಹಾಗೆ ಕೇಳಿತು. ಹಳದಿ ಹೊಗೆ ಕಿಟಕಿಯ ಸಂದಿಯಿಂದ, ಜೋಳದ ಚೀಲದ ಮೇಲಿಂದ ಒಳಗೆ ಹರಿದುಬಂತು.

ಓಡಿದಳು. ಕಿಕ್ಕಿರಿದ ಡ್ರಮ್ಮಿನಲ್ಲಿ ಬೀಜ ಬಿಟ್ಟ ಹೊಟ್ಟು ಪೂರಾ ತಳಕ್ಕೆ ಇಳಿದು ಹೊತ್ತಿಕೊಂಡಿತ್ತು. ಕ್ರಾಂತಿ ಕೆಮ್ಮುತ್ತ ಡ್ರಮ್ಮಿನ ಬಾಗಿಲ ಕೊಂಡಿಗೆ ಕೈ ಹಾಕಿದ್ದ.

“ತಗೀಬ್ಯಾಡ!”

ರಾಮಣ್ಣ ಮಂಚದಿಂದ ಎದ್ದು ನುಗ್ಗಿದ್ದ. ಈ ಸಲ ಅವನದೇ ದಪ್ಪ ದನಿ. ಮಗನನ್ನು ಒಂದೇ ಏಟಿಗೆ ಪಕ್ಕಕ್ಕೆ ದೂಡಿ ಗ್ಯಾಸ್ ಬಂದ್ ಮಾಡಿದ. “ಗಾಳಿ ಹೋತಂದ್ರ ಭಗ್ ಅಂತ ಮಾರಿಗೆ ಬರತೈತಿ! ತಟ್ಟು, ತೊಯ್ಸಿದ ತಟ್ಟು ತರ್ರಿ!” ಶಿವಲೀಲಾ ಗೋಣಿತಟ್ಟನ್ನು ನೀರಿನ ಡೋಣಿಯಲ್ಲಿ ಅದ್ದಿ ತಂದಳು. ಮುದುಕ ಅದನ್ನು ಡ್ರಮ್ಮಿಗೆ ಸುತ್ತಿ, ತಬ್ಬಿ ಹಿಡಿದು ನಿಂತ. ಕೈ ಸುಡುತ್ತಿದ್ದರೂ ಬಿಡಲಿಲ್ಲ. ಒಳಗಿನ ಬುಸುಗುಟ್ಟುವಿಕೆ ನಿಂತಿತು.

ಆಮೇಲೆ ಅವನು ನೆಲಕ್ಕೆ ಕೂತು ಎದೆ ಬಡಿದುಕೊಂಡ.

“ನಾ ಹಾಕಿದ್ದು. ಅವ ಅಲ್ಲ. ಉರಿ ಇಳಸಣ್ಣಾ, ಉರಿ ಇಳಸಣ್ಣಾ ಅಂತ ಬಡಕೊಂಡ. ನಾ ಇಳಸ್ಲಿಲ್ಲ. ಮೈಲಪ್ಪ ಅಲ್ಲ ಸಾವ್ಕಾರ್ರೇ, ನಾ ಹಾಕಿದ್ದು.”

ಮಾವನ ಕೈಗೆ ಮುಲಾಮು ಹಚ್ಚಿ ಮಲಗಿಸಿದ ಮೇಲೆ ಕ್ರಾಂತಿ ಅಡಿಗೆ ಮನೆಯ ಹೊಸ್ತಿಲಲ್ಲಿ ತಾಯಿಯ ಎದುರು ಕೂತ. “ಮೈಲಪ್ಪ ಯಾರು?”

ಮಾಳಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಹೇಳಿದಳು. ಇಪ್ಪತ್ನಾಲ್ಕು ವರ್ಷದ ಹಿಂದೆ, ಸಂತೆಯ ದಿನ. ಅಂಗಡಿಯ ದೊಡ್ಡ ಡ್ರಮ್ಮು ಕಟ್ಟಿಗೆಯ ಉರಿಯಲ್ಲಿ ಕಾಯುವಂಥದ್ದು, ಇಪ್ಪತ್ತೈದು ಕಿಲೋ ಹಿಡಿಯುವಂಥದ್ದು. ಬೇಗ ಕೆಲಸ ತೀರಿಸಿ ಸಂತೆ ಮುಗಿಯುವುದರೊಳಗೆ ಮಗನಿಗೆ ಶಾಲೆಯ ಚೀಲ, ಚಪ್ಪಲಿ ಕೊಳ್ಳಬೇಕೆಂದು ರಾಮಣ್ಣ ನಲವತ್ತು ತುಂಬಿ ಉರಿ ಏರಿಸಿದ. ಕೈಕೆಳಗಿನ ಹುಡುಗ ಮೈಲಪ್ಪ ಬೇಡವೆಂದ. ಹೊಗೆ ಬಂದಾಗ ಬಾಗಿಲು ತೆಗೆಯಲು ಹೋಗಿ, ಉರಿ ಮುಖಕ್ಕೆ ಬಡಿದು ಸತ್ತವನೂ ಅವನೇ. ಅವನ ಹೆಂಡತಿ ಎರ್ರೆಮ್ಮ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದು ‘ಏನಾತಣ್ಣಾ’ ಎಂದು ಕೇಳಿದಾಗ, ರಾಮಣ್ಣ ಅಂಗಡಿ ಸಾವುಕಾರರ ಮುಂದೆ, ಕೂಡಿದ ಜನದ ಮುಂದೆ ಹೇಳಿದ: ಕುಡಿದಿದ್ದ, ಹೇಳಿದರೆ ಕೇಳಲಿಲ್ಲ, ತಾನೇ ತುಂಬಿದ.

“ಅವ ಕುಡೀತಿದ್ನಾ?” ಎಂದ ಕ್ರಾಂತಿ.

“ಎಲಿ ಅಡಿಕಿ ಸೈತ ಹಾಕ್ತಿದ್ದಿಲ್ಲ.”

“ನಿನಗ ಯಾವಾಗ ಗೊತ್ತಾತು?”

“ಅವತ್ತೇ. ಮನಿಗೆ ಬಂದು ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಅತ್ತ.”

“ಮತ್ತ ಸುಮ್ನೆ ಕುಂತ್ಯಾ? ಸತ್ತವನ ಮ್ಯಾಲೆ ಹಾಕಿ, ಇಪ್ಪತ್ನಾಕು ವರ್ಷ!”

“ನಿನಗ ಎಂಟು ವರ್ಷ. ಆ ಕೆಲ್ಸ ಹೋಗಿದ್ರ ನಿನ್ನ ಬಾಯಿಗೆ ಏನ್ ಹಾಕ್ತಿದ್ದೆ? ನೀ ಓದಿ ಈಗ ಬಾಬಾಸಾಹೇಬ್ರ ಮಾತು ಆಡ್ತೀಯಲ್ಲ, ಆ ಓದಿನ ಅನ್ನ ಎಲ್ಲಿಂದ ಬಂತು?”

ಶಿವಲೀಲಾ ಅತ್ತೆಯ ಪಕ್ಕ ಕೂತಳು.

“ಆ ಹೆಣ್ಣುಮಗಳು ಅದಾಳೇನ್ರಿ ಅತ್ತಿ?”

“ಅದಾಳ. ಹರಪನಹಳ್ಯಾಗ. ಹಾಸ್ಟೆಲ್‌ನಾಗ ಅಡಿಗಿ ಮಾಡ್ತಿದ್ಲು. ಕುಡಕನ ಹೇಣ್ತಿ ಅಂತ ಇವತ್ತಿಗೂ ಅಂತಾರಂತ.”

“ಹಂಗಾರ ಮಾವನ್ನ ಕರ್ಕಂಡು ಹೋಗಾನ.”

“ಇಷ್ಟು ವರ್ಷದ ಮ್ಯಾಲೆ ಯಾಕ ಲೀಲಾ?” ಎಂದ ಕ್ರಾಂತಿ ಮೆಲ್ಲಗೆ. “ಅಪ್ಪಗ ನಾಳಿ ಏನು ನೆನಪಿರತೈತಿ?”

“ಅದಕ್ಕ ಹೇಳಾಕತ್ತೀನಿ. ಮಾವ ಒಂದೊಂದೇ ಮರ್ಯಾಕತ್ಯಾರ. ಇದನ್ನೂ ಮರತ್ರ ಆಕಿಗೆ ಹೇಳೋರು ಯಾರು?”

ಮದುವೆ ಮನೆಯವರಿಗೆ ಆದಷ್ಟು ಪುಡಿ ಕಳಿಸಿ, ತಪ್ಪಾಯಿತು ಎಂದು ಕೇಳಿಕೊಂಡು, ಬುಧವಾರ ಬೆಳಿಗ್ಗೆ ನಾಲ್ವರೂ ಹರಪನಹಳ್ಳಿ ಬಸ್ಸು ಹತ್ತಿದರು. ಬಸ್ಸಿನಲ್ಲಿ ಜನ ನಿಂತಿದ್ದರು. ಆದರೂ ರಾಮಣ್ಣನ ಪಕ್ಕದ ಸೀಟಿಗೆ ಯಾರೂ ಬಂದು ಕೂರಲಿಲ್ಲ. ಕಂಡಕ್ಟರು ಟಿಕೆಟು ಹರಿಯುತ್ತ ‘ಐದಾ?’ ಎಂದ. ‘ನಾಕು’ ಎಂದ ಕ್ರಾಂತಿ. ಕಂಡಕ್ಟರು ಇನ್ನೊಮ್ಮೆ ಎಣಿಸಿ, ತಲೆ ಕೆರೆದುಕೊಂಡು ಮುಂದೆ ಹೋದ.

ಎರ್ರೆಮ್ಮ ಬಾಗಿಲು ತೆರೆದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ರಾಮಣ್ಣನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ರಾಮಣ್ಣ ಅಂಗಳದಲ್ಲೇ ನಿಂತು ಹೇಳಿದ. ತೊದಲಲಿಲ್ಲ. ನಲವತ್ತು ಕಿಲೋ, ಸಂತೆ, ಉರಿ, ಮೈಲಪ್ಪ ಅಂದ ಮಾತು, ತಾನು ಆಡಿದ ಸುಳ್ಳು. ಮಾಳಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದಳು.

ಎರ್ರೆಮ್ಮ ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಇವರೆಲ್ಲರ ಹಿಂದೆ, ಖಾಲಿ ಬೀದಿಯ ಕಡೆ ನೋಡಿದಳು.

“ಸತ್ತೋರು ಕನಸಿಗೆ ಬರ್ತಾರೆ ಅಂತಾರೆ. ಇಪ್ಪತ್ನಾಕು ವರ್ಷ ಒಂದಿನ ಬರ್ಲಿಲ್ಲ. ನನ್ನ ಮೇಲೆ ಏನು ಸಿಟ್ಟೋ ಅನ್ಕಂಡಿದ್ದೆ. ನಿಮ್ಮ ಮನೇಲಿದ್ನಾ?”

ನಾಲ್ವರಲ್ಲಿ ಒಬ್ಬರೂ ಶೆಡ್ಡಿನ ಸುದ್ದಿಯನ್ನು ಆಕೆಗೆ ಹೇಳಿರಲಿಲ್ಲ.

“ನನಗೆ ಹೇಳಿದ್ರೆ ಸಾಲದು,” ಎಂದು ಎರ್ರೆಮ್ಮ ಚಪ್ಪಲಿ ಮೆಟ್ಟಿದಳು. “ಅವತ್ತು ಜನದ ಮುಂದೆ ಅಂದಿದ್ದು. ಇವತ್ತೂ ಜನದ ಮುಂದೆ ಅನ್ನು. ಬಾ.”

ಆಕೆ ಮುಂದೆ, ರಾಮಣ್ಣ ಹಿಂದೆ. ಮೊದಲ ಮನೆಯ ನಾಗಲಿಂಗಮ್ಮ ಬೀಸುಕಲ್ಲಿನ ಮುಂದಿನಿಂದ ಎದ್ದುಬಂದು ಕೇಳಿಸಿಕೊಂಡಳು. ಎರಡನೇ ಮನೆಯಲ್ಲಿ ಹೇಳಿದ. ಮೂರನೇ ಮನೆಯಲ್ಲಿ ಮಾತು ಕುಂಟತೊಡಗಿತು. ನಾಲ್ಕನೆಯದರಲ್ಲಿ ಸತ್ತವನ ಹೆಸರು ಬಾಯಿಗೆ ಬರದೆ ಎರ್ರೆಮ್ಮನ ಮುಖ ನೋಡಿದ. “ಮೈಲಪ್ಪ,” ಎಂದು ಆಕೆಯೇ ನೆನಪು ಮಾಡಿದಳು. ಬೀದಿಯ ಕೊನೆಯ ಮನೆ ಪಾಲಾಕ್ಷಪ್ಪ ಎಂಬ ಮುದುಕನದು. ‘ಕುಡುಕ’ ಎಂಬ ಮಾತನ್ನು ಊರೆಲ್ಲ ಹಬ್ಬಿಸಿದವನು ಆತನೇ ಅಂತೆ. ಅಲ್ಲಿ ರಾಮಣ್ಣ ಕಟ್ಟೆಯ ಮೇಲೆ ಕೂತು ತನ್ನ ಸುಟ್ಟ ಅಂಗೈಯನ್ನು ಹೊರಳಿಸಿ ಹೊರಳಿಸಿ ನೋಡಿದ.

“ಇದು ಯಾವಾಗ ಸುಟ್ಟಿದ್ದು?” ಎಂದ. ಆಮೇಲೆ ಎರ್ರೆಮ್ಮನ ಕಡೆ ತಿರುಗಿ, “ಯಾರವ್ವಾ ನೀನು?”

ಎರ್ರೆಮ್ಮನ ಮುಖ ಕಪ್ಪಿಟ್ಟಿತು. ಕ್ರಾಂತಿ ತಲೆ ತಗ್ಗಿಸಿದ. ಶಿವಲೀಲಾ ಮುಂದೆ ಬಂದಳು.

“ನಾನು ಇವ್ರ ಸೊಸಿ ಅಜ್ಜಾ. ಇವ್ರು ಹೇಳಬೇಕಾಗಿದ್ದು ನಾ ಹೇಳ್ತೀನಿ, ಕೇಳ್ರಿ. ಅವತ್ತು ಡ್ರಮ್ಮಿಗೆ ಹೆಚ್ಚು ಬೀಜ ಹಾಕಿದೋರು ನಮ್ಮ ಮಾವ. ಮೈಲಪ್ಪ ಕುಡದಿದ್ದಿಲ್ಲ. ಬ್ಯಾಡ ಅಂದಾವ ಅವನೊಬ್ಬನೇ.”

ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಹೇಳಿದಳು. ಪಾಲಾಕ್ಷಪ್ಪ ಎದ್ದು ನಿಂತು ಕೇಳಿದ. ಮುಗಿದ ಮೇಲೆ ಎರ್ರೆಮ್ಮನಿಗೆ ಕೈ ಮುಗಿಯಲು ಹೋದ. ಆಕೆ ಆಗಲೇ ಬೆನ್ನು ತಿರುಗಿಸಿ ಮನೆಯ ಕಡೆ ನಡೆಯುತ್ತಿದ್ದಳು.

ಕೊಟ್ಟೂರಿಗೆ ಬಂದ ಮೇಲೆ ಶೆಡ್ಡಿನಲ್ಲಿ ಆ ದನಿ ಕೇಳಲಿಲ್ಲ. ಮೊದಲ ದಿನ ಶಿವಲೀಲಾ ಅಭ್ಯಾಸಬಲದಿಂದ ಕಾಯುತ್ತ ಕೂತು ಒಂದೂವರೆ ಕಿಲೋ ಬೀಜ ಇದ್ದಿಲು ಮಾಡಿದಳು. ಆಮೇಲೆ ಉರಿಯ ಕಡೆ ಕಣ್ಣಿಟ್ಟು, ತನ್ನ ಕೈಯಿಂದಲೇ ಏರಿಸಿ ಇಳಿಸಿ ಕಲಿತಳು. ಮಾಳಮ್ಮ ಹೊಟ್ಟು ತೂರಿಕೊಡಲು ಬಂದು ಕೂತಳು. ರಾಮಣ್ಣ ಕಾಫಿಯ ವಾಸನೆ ಬಂದರೆ ‘ಏನದು, ಚಲೋ ಐತಲ್ಲ’ ಎಂದು ಹೊಸದಾಗಿ ಕೇಳುತ್ತಿದ್ದ.

ಮೂರು ವಾರ ಕಳೆದಿರಬಹುದು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎರ್ರೆಮ್ಮನ ಫೋನ್ ಬಂತು.

“ಬಂದಾನವ್ವಾ,” ಎಂದಳು. ದನಿಯಲ್ಲಿ ಏನೋ ಗಡಿಬಿಡಿ, ಹೊಸ ಮದುಮಗಳ ಹಾಗೆ.

“ಕನಸಿನ್ಯಾಗಾ, ಯವ್ವಾ?” ಎಂದಳು ಶಿವಲೀಲಾ.

ಆ ಕಡೆ ನೆಲದ ಮೇಲೆ ತಾಟು ಇಟ್ಟ ಸದ್ದು, ತಂಬಿಗೆ ಇಟ್ಟ ಸದ್ದು ಕೇಳಿತು. ಯಾರೋ ಗಂಟಲು ಸರಿಮಾಡಿಕೊಂಡರು, ಹೆಂಗಸಿನ ಗಂಟಲಲ್ಲ.

“ರೊಟ್ಟಿ ಆರ್ತವೆ, ಇಡ್ತೀನಿ,” ಎಂದು ಎರ್ರೆಮ್ಮ ಫೋನ್ ಕತ್ತರಿಸಿದಳು.